ಚರಟದಲ್ಲಿ ಬರೆದ ಹೆಸರು

"ಹೇಳೋದು ಹೇಳ್ತೀನಿ, ಕೇಳೋದು ಬಿಡೋದು ನಿಮ್ಮಿಷ್ಟ," ಎಂದಳು ಮನೆಯೊಡತಿ ಬು ಸುಮಿಲಾ, ಬೀಗದ ಕೈಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದುಕೊಂಡು. "ಆ ಮೇಜಿನ ಮೇಲೆ ಕಾಫಿ ಹಾಗೇ ಬಿಡ್ಬೇಡಿ. ಕುಡೀರಿ, ಇಲ್ಲಾ ಚೆಲ್ಲಿ. ಸಿಗರೇಟು ಹಚ್ಚಿದ್ರೆ ನೀವೇ ಸೇದಿ ಮುಗಿಸಿ. ಮುಸ್ಸಂಜೇಲಿ ಅದನ್ನ ಸುಮ್ನೆ ಉರಿಯೋಕೆ ಬಿಟ್ರೆ ಇನ್ಯಾರೋ ಸೇದ್ತಾರೆ."

"ಸೇದ್ಲಿ ಬಿಡಿ, ಬು," ಎಂದು ಹೊಸ ಬಾಡಿಗೆದಾರ ಹಂದರು ಆ ಕಡೆಯ ರೂಢಿಯಂತೆ ಅವಳನ್ನು ಅಮ್ಮನೆಂದು ಕರೆದು ನಕ್ಕ. "ನಂಗೂ ಒಬ್ನೇ ಸೇದಿ ಸೇದಿ ಬೇಜಾರಾಗಿದೆ."

ಬು ಸುಮಿಲಾ ನಗಲಿಲ್ಲ. ಅವಳ ಹಿಂದೆ ಪೊರಕೆ ಹಿಡಿದು ನಿಂತಿದ್ದ ತಂಗಿ ಪೈನಾ ಮೇಜಿನತ್ತ ನೋಡಿ ತುಟಿ ಅಲ್ಲಾಡಿಸಿದಳು. ದನಿ ಬರಲಿಲ್ಲ. ಹುಟ್ಟುಮೂಗಿ ಇರಬೇಕು ಎಂದುಕೊಂಡು ಹಂದರು ಬೀಗದ ಕೈ ಇಸಿದುಕೊಂಡ.

ಮಿಠಾಯಿ ಮಾಡುವವನಿಗೆ ಸಿಹಿ ಸೇರುವುದಿಲ್ಲವಂತೆ. ದೆವ್ವದ ಕಾದಂಬರಿ ಬರೆದು ಅನ್ನ ತಿನ್ನುವವನಿಗೆ ದೆವ್ವದ ಮೇಲೆ ಎಲ್ಲಿಯ ನಂಬಿಕೆ? ಹಂದರುವಿಗೆ ಪ್ರಕಾಶಕರಿರಲಿಲ್ಲ. ಬರೆಯುವವನೂ ಅವನೇ, ತಿದ್ದುವವನೂ ಅವನೇ, ರಕ್ತ ಸೋರುವ ಅಕ್ಷರಗಳ ಮುಖಪುಟ ಮಾಡುವವನೂ ಅವನೇ. ಮೊದಲು ಅಧ್ಯಾಯ ಅಧ್ಯಾಯವಾಗಿ ಅಂತರ್ಜಾಲದಲ್ಲಿ ಹಾಕುವುದು, ಓದುಗರು ಬೈದರೆ ಬೈಸಿಕೊಳ್ಳುವುದು, ಕೊನೆಗೆ ಅಚ್ಚು ಹಾಕಿಸಿ ಕಂದು ಕಾಗದದಲ್ಲಿ ಸುತ್ತಿ ತಾನೇ ಅಂಚೆಗೆ ಹೊರುವುದು. ಹೆಂಡತಿ ವೆನಿಂಗ್ ಹಾಂಗ್‌ಕಾಂಗಿನಲ್ಲಿ ಯಾರದೋ ಮುದುಕಿಯ ಆರೈಕೆ ಮಾಡುತ್ತ ಸಂಸಾರ ತೂಗಿಸುತ್ತಿದ್ದಳು. ಅದು ಅವನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಒಂದೇ ಒಂದು ಪುಸ್ತಕ ಹೆಸರು ಮಾಡಿದರೆ ಅವಳನ್ನು ಮನೆಗೆ ಕರೆಸಿಕೊಳ್ಳಬಹುದು ಎಂದೇ ಸುರಬಾಯ ನಗರ ಬಿಟ್ಟು, ಮಗಳು ಮೆನೂರ್‌ಳನ್ನು ಕಟ್ಟಿಕೊಂಡು, ಬಾಡಿಗೆ ಅಗ್ಗವೆಂದು ಈ ಸಣ್ಣ ಊರು ತುಲುಂಗಾಗುಂಗಿಗೆ ಬಂದಿದ್ದ.

ಮೆನೂರ್‌ಗೆ ಆರು ವರ್ಷ. ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. ಮೋಟಾರು ಬೈಕಿಗೆ ಅವಳಿಟ್ಟ ಹೆಸರು ಗುರುಗುರು ಮಾಮ. ಪಾತ್ರೆಯ ತಳದಲ್ಲಿ ಹತ್ತಿದ ಅನ್ನ ಅವಳ ಬಾಯಲ್ಲಿ ಅನ್ನದ ಚಿಪ್ಪು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ಬಟ್ಟೆ ಒಗೆದು, ಓದುಗರಿಗೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಬಿಸಿಲು ಇಳಿದ ಮೇಲೆ ಅವನು ಮೇಜಿಗೆ ಕೂರುವ ಹೊತ್ತು. ಆಗ ಮಗಳು ಬಾಗಿಲಿಗೆ ಬಂದು ಏನು ಕೇಳಿದರೂ ಅವನದು ಒಂದೇ ಉತ್ತರ: "ಒಂದೇ ನಿಮಿಷ, ಪುಟ್ಟಿ." ಆ ನಿಮಿಷ ಕತ್ತಲಾದ ಮೇಲೂ ಮುಗಿಯುತ್ತಿರಲಿಲ್ಲ.

ಆ ಊರಿನ ಗಂಡಸರಿಗೆ ಒಂದು ಚಟ. ಕಾಫಿ ಕುಡಿದ ಮೇಲೆ ಲೋಟದ ತಳದ ನುಣ್ಣನೆಯ ಚರಟವನ್ನು ಕಡ್ಡಿಯ ತುದಿಯಲ್ಲಿ ಅದ್ದಿ, ಲವಂಗದ ಸಿಗರೇಟಿನ ಮೇಲೆ ಬಳ್ಳಿ, ಹೂವು, ನವಿಲು ಬಿಡಿಸಿ, ಒಣಗಿಸಿ ಸೇದುವುದು. ಹಂದರು ಬಂದ ವಾರದಲ್ಲೇ ಅದನ್ನು ಕಲಿತ. ಕೈ ಬಳ್ಳಿ ಬಿಡಿಸುತ್ತಿದ್ದರೆ ತಲೆಯಲ್ಲಿ ಕತೆ ಓಡುತ್ತದೆ. ಆದರೆ ಬಳ್ಳಿ ಬಿಡಿಸಿ ಬೇಸರವಾಗಿ ಅವನು ತನ್ನ ಕಾದಂಬರಿಯ ಪುಟ್ಟ ಹುಡುಗಿಯ ಹೆಸರನ್ನೇ ಬರೆಯತೊಡಗಿದ. ಆ ಹುಡುಗಿಗೆ ಅವನು ಮಗಳ ಹೆಸರನ್ನೇ ಇಟ್ಟಿದ್ದ. ದಿನಾ ಸಂಜೆ ಎರಡು ಲೋಟ ಕಾಫಿ. ಒಂದರ ಚರಟದಲ್ಲಿ ಹೆಸರು ಬರೆದು, ಸಿಗರೇಟು ಹಚ್ಚಿ ಬೂದಿಬಟ್ಟಲ ಅಂಚಿಗಿಟ್ಟು ಅವನು ಟೈಪು ಮಾಡಲು ಶುರುಮಾಡಿದರೆ ಸಿಗರೇಟೂ ಮರೆತುಹೋಗುತ್ತಿತ್ತು, ಎರಡನೆಯ ಲೋಟವೂ ಮರೆತುಹೋಗುತ್ತಿತ್ತು.

ಕಾದಂಬರಿ ಉಕ್ಕಿ ಬಂತು. ಹಿಂದೆಂದೂ ಹಾಗೆ ಬಂದಿರಲಿಲ್ಲ. ಬೆರಳು ತಾವಾಗಿಯೇ ಓಡುತ್ತಿದ್ದವು. ಕೋಣೆಯಲ್ಲಿ ಸುಟ್ಟ ಲವಂಗದ ವಾಸನೆ, ಅದರಡಿಯಲ್ಲಿ ಹಳೆಯ ಎಂಜಲಿನಂಥ ಇನ್ನೊಂದು ವಾಸನೆ. ಒಂದು ಸಂಜೆ ಚಿಟಚಿಟ ಸದ್ದಾಗಿ ಅವನು ತಲೆ ಎತ್ತಿದ. ಬೂದಿಬಟ್ಟಲ ಅಂಚಿನಲ್ಲಿ ಸಿಗರೇಟಿನ ಕೆಂಡ ಕೆಂಪಗೆ ಹೊಳೆಯಿತು, ಮಂಕಾಯಿತು. ಮತ್ತೆ ಹೊಳೆಯಿತು. ಯಾರೋ ಉಸಿರೆಳೆದ ಹಾಗೆ. ಮುಟ್ಟದ ಲೋಟದಲ್ಲಿ ಕಾಫಿ ಅರ್ಧಕ್ಕಿಳಿದಿತ್ತು. ಗಾಳಿ ಇರಬೇಕು ಎಂದುಕೊಂಡ. ಗಾಳಿ ಕಾಫಿ ಕುಡಿಯುತ್ತದೆಯೇ ಎಂದು ಯೋಚಿಸುವಷ್ಟು ಪುರುಸೊತ್ತು ಅವನಿಗೆಲ್ಲಿ? ಅಧ್ಯಾಯ ಮುಗಿಯಬೇಕಿತ್ತು.

ಓದುಗರು ಹುಚ್ಚೆದ್ದು ಹೋದರು. 'ಆ ಮಗುವಿನ ಮಾತು ಕಿವಿಯಲ್ಲೇ ಕೇಳಿದ ಹಾಗಿದೆ' ಎಂದು ಬರೆದರು.

ಭಾನುವಾರ ವೆನಿಂಗ್ ಫೋನಿನ ಪರದೆಯಲ್ಲಿ ಬಂದಳು. "ಏನ್ ತಿಂದೆ, ಬಂಗಾರಿ, ಇವತ್ತು?"

ಮೆನೂರ್ ಬಾಯಿ ತೆರೆದಳು. ಮುಖ ಸುಕ್ಕಾಯಿತು. "ಅದು... ಬಿಳೀದು."

"ಬಿಳೀದಾ? ಅನ್ನಾನಾ?"

ಆ ಪದವನ್ನು ಮೊದಲ ಸಲ ಕೇಳಿದವಳ ಹಾಗೆ ಮಗು ಅಮ್ಮನನ್ನೇ ನೋಡಿತು. ಬೀದಿಯಲ್ಲಿ ಬೈಕೊಂದು ಹೋಯಿತು. ಮೆನೂರ್ ಅತ್ತ ಬೆರಳು ತೋರಿಸಿದಳು, ತುಟಿ ಒದ್ದಾಡಿತು, ಏನೂ ಬರದೆ ಅಳು ಬಂತು.

"ರೀ, ಏನಾಗಿದೆ ಇವಳಿಗೆ? ನನ್ ಮಗು ಹೀಗಿರ್ಲಿಲ್ಲ!"

"ಆಟ ಆಡ್ತಾಳೆ ಕಣೇ, ನಿಂಗೊತ್ತಲ್ಲ," ಎಂದ ಹಂದರು. ಹಾಗೆಂದವನಿಗೆ ಓದುಗರು ಬರೆದ ಮಾತು ನೆನಪಾಯಿತು. ಫೋನ್ ಇಟ್ಟು ಹಸ್ತಪ್ರತಿ ತೆರೆದ. ಹಿಂದಿನ ಸಂಜೆಯ ಪುಟಗಳಲ್ಲಿ ಗುರುಗುರು ಮಾಮ ಇದ್ದ. ಅನ್ನದ ಚಿಪ್ಪು ಇತ್ತು. ತಾನು ಅದನ್ನು ಬರೆದ ನೆನಪೇ ಅವನಿಗಿರಲಿಲ್ಲ. ಇನ್ನೂ ಹಿಂದಕ್ಕೆ ಹೋದ. ಬೆಕ್ಕಿನ ಜೊತೆ ಅವಳಾಡುವ ಮಾತು, ಅಮ್ಮನಿಗೆಂದು ಕಟ್ಟಿದ ಹಾಡು, ಎಲ್ಲ ಅಲ್ಲಿದ್ದವು. ಮಗುವಿನ ಬಾಯಲ್ಲಿ ಒಂದೂ ಇರಲಿಲ್ಲ.

ವೈದ್ಯರು ಕಿವಿ ನೋಡಿದರು, ಗಂಟಲು ನೋಡಿದರು, ಏನೂ ಇಲ್ಲ ಎಂದರು. ಅವನು ಆ ದಿನಗಳಲ್ಲೂ ಮೇಜಿಗೆ ಕೂರುವುದನ್ನು ಬಿಡಲಿಲ್ಲ. ದುಃಖದಲ್ಲಿ ಕೆಲಸವೇ ಮದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೆನೂರ್‌ಗೆ ಕೊನೆಗೆ ಒಂದೇ ಒಂದು ಮಾತು ಉಳಿಯಿತು. ಹಸಿವಾದರೂ ಅಪ್ಪ, ನೀರಡಿಸಿದರೂ ಅಪ್ಪ, ಹೆದರಿಕೆಯಾದರೂ ಅಪ್ಪ. ಆಗ ಅವನು ಬು ಸುಮಿಲಾಳ ಮನೆಗೆ ಓಡಿದ.

ಅವಳು ಒಂದೇ ಪ್ರಶ್ನೆ ಕೇಳಿದಳು. "ಸಿಗರೇಟಿನ ಮೇಲೆ ಏನ್ ಬರೀತಿದ್ರಿ?"

"ಮಗಳ ಹೆಸರು," ಎಂದ ಹಂದರು.

"ಅಯ್ಯೋ ಪಾಪಿ!" ಎಂದು ಅವಳು ಎದೆ ಹೊಡೆದುಕೊಂಡಳು. "ನಮ್ಮಪ್ಪ ಆ ಮೇಜಿನ ಮೇಲೇ ಮಾಟ ಮಾಡ್ತಿದ್ದ. ಯಾರ ಬಾಯಿ ಕಟ್ಟಬೇಕೋ ಅವರ ಹೆಸರು ಚರಟದಲ್ಲಿ ಬರೆದು, ಹಚ್ಚಿ, ಮುಸ್ಸಂಜೇಲಿ ಬರೋ ಅದಕ್ಕೆ ತಿನ್ನೋಕೆ ಬಿಡ್ತಿದ್ದ. ಅವರ ಮಾತು ತಿಂದಿದ್ದಕ್ಕೆ ಅದು ಅಪ್ಪನ ಬಾಯಿಗೆ ಮಂತ್ರ ಕೊಡ್ತಿತ್ತು. ರುಚಿ ಹತ್ತಿದ ಮೇಲೆ ಅದಕ್ಕೆ ದಿನಾ ಬೇಕು. ಒಂದು ದಿನ ಯಾರ ಹೆಸರೂ ಸಿಗ್ಲಿಲ್ಲ." ಅವಳು ತಂಗಿಯತ್ತ ನೋಡಿದಳು. ಪೈನಾ ಗೋಡೆಗೆ ಮುಖ ತಿರುಗಿಸಿದಳು.

"ಏನ್ ಮಾಡ್ಲಿ, ಬು? ಹೇಳಿ, ಏನ್ ಬೇಕಾದ್ರೂ ಮಾಡ್ತೀನಿ."

"ನಿಮ್ಮ ಹೆಸರು ಬರೆದು ನೀವೇ ಸೇದಿ. ಕಾಫೀನ ಚರಟದ ಸಮೇತ ನೀವೇ ಕುಡೀರಿ. ನಿಮ್ಮ ಮಾತು ಹೋಗುತ್ತೆ. ಬರೆಯೋಕೂ ಬರಲ್ಲ, ಆಡೋಕೂ ಬರಲ್ಲ. ಆದ್ರೆ ಮಗೂಗೆ ಒಂದು ಮಾತು ಉಳಿದಿದ್ರೂ ಸಾಕು, ಅದನ್ನ ಹಿಡ್ಕೊಂಡು ಮಿಕ್ಕಿದ್ದೆಲ್ಲ ವಾಪಸ್ ಬರುತ್ತೆ. ಅದೂ ಹೋದ್ರೆ ಮುಗೀತು. ಇವತ್ತೇ ಮಾಡಿ. ನಮ್ಮಪ್ಪನೂ ನಾಳೆ ಅಂದಿದ್ದ."

ಹಂದರು ಮನೆಗೆ ಬಂದಾಗ ಮಸೀದಿಯ ಸಂಜೆಯ ಕರೆ ಶುರುವಾಗುತ್ತಿತ್ತು. ಮೆನೂರ್ ಓಡಿ ಬಂದು ಕಾಲು ತಬ್ಬಿದಳು. "ಅಪ್ಪ." ಅವಳನ್ನು ಎತ್ತಿ ಮುದ್ದಿಸಿ ಹೊರಗೆ ಜಗಲಿಯಲ್ಲಿ ಕೂರಿಸಿದ. ಕಾಫಿ ಕಾಸಿದ. ಪಾತ್ರೆಯ ತಳದ ಚರಟದಲ್ಲಿ ಕಡ್ಡಿ ಅದ್ದಿ ಸಿಗರೇಟಿನ ಮೇಲೆ ತನ್ನ ಹೆಸರನ್ನು ಪೂರಾ ಬರೆದ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡ.

ಎದುರಿಗೆ ಪರದೆ ಬೆಳಗುತ್ತಿತ್ತು. ಕೊನೆಯ ಅಧ್ಯಾಯ. ಅರ್ಧ ಪುಟ ಬಾಕಿ.

ಇದು ಹಚ್ಚಿದರೆ ಮುಗಿಯಿತು. ಇನ್ನೆಂದೂ ಒಂದು ಸಾಲು ಹುಟ್ಟುವುದಿಲ್ಲ. ಪುಸ್ತಕ ಕುಂಟಾಗಿ ಉಳಿಯುತ್ತದೆ. ವೆನಿಂಗ್ ಮುದುಕಿಯ ಮನೆಯಲ್ಲೇ ಉಳಿಯುತ್ತಾಳೆ. ಮೂಗ ಗಂಡನನ್ನೂ ಅವಳೇ ಸಾಕಬೇಕು. ಅರ್ಧ ಪುಟ, ಅಷ್ಟೇ. ಕರೆ ಮುಗಿಯುವುದರೊಳಗೆ ಆಗಿಬಿಡುತ್ತದೆ. ಅವನು ಕೀಲಿಮಣೆಗೆ ಕೈ ಹಾಕಿದ. ಒಂದು ಪದವೂ ಬರಲಿಲ್ಲ. ಬೂದಿಬಟ್ಟಲಲ್ಲಿ ನಿನ್ನೆಯ ತುಂಡು ಬಿದ್ದಿತ್ತು, ಮಗಳ ಹೆಸರಿನ ಕೊನೆಯ ಅಕ್ಷರ ಮಾತ್ರ ಉಳಿದಿದ್ದ ತುಂಡು. ಹೊಸದಾಗಿ ಬರೆಯುತ್ತಿಲ್ಲವಲ್ಲ, ನಿನ್ನೆಯದೇ ಅಲ್ಲವೇ ಎಂದುಕೊಂಡ. ಹಚ್ಚಿದ.

ಕೆಂಡ ಹೊಳೆಯಿತು. ಎಂಜಲಿನ ವಾಸನೆ ಮೂಗಿಗೆ ಅಡರಿತು. ಬೆರಳು ಓಡಿದವು. ಲೋಟದಲ್ಲಿ ಸೊರ್ರನೆ ಸದ್ದು. ಅವನು ನೋಡಲಿಲ್ಲ. ಬೆನ್ನಿಗೆ ಬಿಸಿಯುಸಿರು. ತಿರುಗಲಿಲ್ಲ.

"ಅಪ್ಪ."

ಬಾಗಿಲಲ್ಲಿ ಅವಳು.

"ಒಂದೇ ನಿಮಿಷ, ಪುಟ್ಟಿ."

"ಅಪ್ಪ." ದನಿ ಸಣ್ಣಗಾಯಿತು.

"ಬಂದೆ, ಬಂದೆ, ಆಯ್ತು!"

ಎರಡು ಸಾಲು. ಕಾಡಿನಲ್ಲಿ ಮಗು. ಕತ್ತಲು. ಮಗು ಕರೆಯಬೇಕು. ಏನೆಂದು ಕರೆಯಬೇಕು? ಬೆರಳಿಗೆ ಗೊತ್ತಿತ್ತು. ಬರೆಯಿತು. ಅಪ್ಪ. ಚುಕ್ಕಿ.

ಮಸೀದಿಯ ಕರೆ ನಿಂತಿತು. ಚಿಟಚಿಟ ಸದ್ದೂ ನಿಂತಿತು. ಹಂದರು ತಿರುಗಿದ. ಮೆನೂರ್ ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದೇ ಇತ್ತು.

ಅವನು ತನ್ನ ಹೆಸರಿನ ಸಿಗರೇಟು ಹಚ್ಚಿದ. ಬೆರಳು ಸುಡುವ ತನಕ ಎಳೆದ. ಲೋಟದ ತಳದ ಚರಟವನ್ನು ನೆಕ್ಕಿದ. ಕೆಮ್ಮಿದ. "ತಗೋ, ನಂದೂ ತಗೋ!" ಎಂದು ಕಿರುಚಿದ. ಮಾತು ಸ್ಪಷ್ಟವಾಗಿಯೇ ಬಂತು. ತಗೊಳ್ಳುವವರು ಯಾರೂ ಅಲ್ಲಿರಲಿಲ್ಲ. ಹೊಟ್ಟೆ ತುಂಬಿದವರು ಎದ್ದು ಹೋಗಿದ್ದರು.

ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು. ವೆನಿಂಗ್ ಬಂದಳು. ಬಂದವಳು ಗಂಡನ ಜೊತೆ ಅಡುಗೆ ಮನೆಯ ಮಾತಿಗಿಂತ ಹೆಚ್ಚು ಆಡುವುದಿಲ್ಲ. ಸಂಜೆಯಾದರೆ ಹಂದರು ಜಗಲಿಯಲ್ಲಿ ಕೂತು ಆ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಾನೆ. ಕೊನೆಯ ಪುಟ ಬಂದಾಗ ಮಾತ್ರ ಮೆನೂರ್ ಆಟ ಬಿಟ್ಟು ಹತ್ತಿರ ಬರುತ್ತಾಳೆ. ಅವನ ಮುಖ ನೋಡುವುದಿಲ್ಲ. ಅವನ ಕೈಯಿಂದ ಪುಸ್ತಕವನ್ನು ಮೆಲ್ಲಗೆ ಕಿತ್ತುಕೊಂಡು, ಕೊನೆಯ ಸಾಲಿನ ಮೇಲೆ ಕಿವಿಯಿಟ್ಟು, ಒಳಗಿರುವವಳು ಕರೆಯುವುದನ್ನು ಕೇಳುತ್ತ ಕೂರುತ್ತಾಳೆ.