ಬಿಟ್ಟು ಬಂದ ಮನೆ

ಸುರೇಬಾನದ ಬಸ್ಸಿನಲ್ಲಿ ಕುಳಿತು ನಮ್ಮ ಹಳೆಯ ಮನೆಯನ್ನು ದೆವ್ವದ ಮನೆ ಎಂದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದರ ಒಂದೊಂದು ಕಲ್ಲನ್ನೂ ನನ್ನ ಅಪ್ಪ ಹೊತ್ತು ತಂದಿದ್ದ. ಮಲಪ್ರಭಾ ಹೊಳೆ ಏರಿ ಮಾಳಿಗೆ ಕುಸಿದ ಮೇಲೆ ನಮ್ಮನ್ನು ದಿನ್ನೆಯ ಮೇಲಿನ ಹೊಸ ಕಾಲನಿಗೆ ಸಾಗಿಸಿದರು. ಒಂದು ಮನೆಯಲ್ಲಿ ರೊಟ್ಟಿ ಬಡಿದರೆ ಪಕ್ಕದ ಮನೆಯ ಗೋಡೆ ನಡುಗುವಂಥ ಕಾಲನಿ.

ಹೋದ ಬೇಸಿಗೆಯಲ್ಲಿ ಹಳೆಯ ಮನೆಯಿಂದ ಹೊಗೆ ಏಳುತ್ತಿದೆ ಎಂಬ ಸುದ್ದಿ ಬಂತು. ಯಾರೋ ಸೇರಿಕೊಂಡಿದ್ದಾರೆಂದು ಸಿಡಿಮಿಡಿಗೊಂಡು, ಹೆಂಡತಿ ಮಹಾನಂದಾಳನ್ನು ಕರೆದುಕೊಂಡು ಮಟಮಟ ಮಧ್ಯಾಹ್ನವೇ ಹೋದೆ.

ಅಂಗಳ ಆಗಷ್ಟೇ ಸಾರಿಸಿದಂತೆ ಹಸಿಯಾಗಿತ್ತು. ಅಂಥ ಬಿಸಿಲಲ್ಲೂ ಹೊಸ್ತಿಲ ಕಲ್ಲು ತಣ್ಣಗಿತ್ತು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು.

“ಯಾರ ಅದೀರಿ ಒಳಗ? ಹೊರಗ ಬರ್ರಿ. ಇದು ನಮ್ಮ ಮನಿ,” ಎಂದು ಗದರಿದೆ.

ಸದ್ದು ನಿಂತಿತು. ಒಳಗಿನಿಂದ ಹೆಣ್ಣುದನಿಯೊಂದು ನನಗಿಂತ ಸಿಟ್ಟಿನಲ್ಲಿ ಕೇಳಿತು: “ನಿಮ್ಮ ಮನಿ ಹ್ಯಾಂಗ ಆಗತೈತಿ? ಹೊಳಿ ಬಂದಾಗ ಬಿಟ್ಟು ಓಡಿದವರು ನೀವು. ನಾ ಎಲ್ಲಿಗೂ ಹೋಗಿಲ್ಲ.”

ಅದು ಮಹಾನಂದಾಳ ದನಿ. ಮಹಾನಂದಾ ನನ್ನ ಪಕ್ಕದಲ್ಲೇ ತುಟಿ ಬಿಗಿದು ನಿಂತಿದ್ದಳು.

ಒಳಗೆ ನುಗ್ಗಿದೆ. ಯಾರೂ ಇರಲಿಲ್ಲ. ಒಲೆಯ ಮೇಲೆ ರೊಟ್ಟಿ ಹಂಚು ಕಾದಿತ್ತು.

ಮಹಾನಂದಾಳನ್ನು ಕರೆದುಕೊಂಡು ದಿನ್ನೆ ಹತ್ತಿದೆ. ಕಾಲನಿಯ ಮನೆಗೆ ಬಂದು ನಾನು ಒಳಗೆ ಹೋದರೆ, ಅವಳು ಬಾಗಿಲ ಹೊರಗೇ ನಿಂತಳು.

“ಬಾ,” ಎಂದೆ.

ಅವಳು ಚಪ್ಪಲಿ ಬಿಡದೆ, ಗುರುತಿಲ್ಲದವಳ ಹಾಗೆ ಒಳಗೆ ಇಣುಕಿದಳು.

“ಮನ್ಯಾಗ ಹೆಣ್ಣಮಕ್ಕಳು ಯಾರೂ ಇಲ್ಲೇನ್ರಿ?” ಎಂದು ನನ್ನನ್ನು ಕೇಳಿದಳು.