ಪಾಸಾಗಬಾರದ ಕ್ಯಾಮೆರಾ

"ಫೋಟೋ ಚೆಂದವೇ ಬರ್ತದೆ ಮಾರಾಯ್ತಿ," ಎಂದ ಶ್ಯಾಮ, ಅಂಗೈಯಗಲದ ಆ ಕ್ಯಾಮೆರಾವನ್ನು ತಿರುಗಿಸಿ ನೋಡುತ್ತಾ. ಅವನನ್ನೂ ಅದನ್ನೂ ಒಟ್ಟಿಗೆ ಶಿರಿಯ ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ.

ಸಿಟ್ಟಿಗೆ ಕಾರಣವಿತ್ತು. ಕಾಸರಗೋಡಿನ ನಮ್ಮ ಕೇಬಲ್ ಚಾನೆಲ್‌ನಲ್ಲಿ ಭಾನುವಾರದ 'ಊರು ನೋಡೋಣ' ಕಾರ್ಯಕ್ರಮಕ್ಕೆ ನಾನು ನಿರೂಪಕಿ, ಶ್ಯಾಮ ಕ್ಯಾಮೆರಾಮ್ಯಾನ್. ಮೂರು ವರ್ಷದಿಂದ ಅವನ ಬೈಕಿನ ಹಿಂದೆ ಕುಳಿತು, ಟ್ರೈಪಾಡ್ ತಬ್ಬಿಕೊಂಡು ಜಿಲ್ಲೆಯೆಲ್ಲ ಸುತ್ತಿದ್ದೆ. ತಬ್ಬಿದ್ದು ಟ್ರೈಪಾಡನ್ನು ಮಾತ್ರ, ಆ ಸಂಕಟ ಬೇರೆ.

ನಿನ್ನೆ ಚಾನೆಲ್‌ನ ಯಜಮಾನ ಹರಿನಾರಾಯಣಣ್ಣ ಈ ಅಗ್ಗದ ಡಿಜಿಟಲ್ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಹೇಳಿದ್ದರು: "ಫೋಟೋವೂ ಇದರಲ್ಲೇ, ವೀಡಿಯೋವೂ ಇದರಲ್ಲೇ. ಶ್ಯಾಮ, ನೀನೇ ಟೆಸ್ಟ್ ಮಾಡಿ ಹೇಳು. ಪಾಸಾದ್ರೆ ಶ್ರೀರಂಜಿನಿ ಒಬ್ಬಳೇ ಹೋಗಿ ಬರ್ಲಿ. ನಿನ್ನನ್ನು ಮದುವೆ ರೆಕಾರ್ಡಿಂಗಿಗೆ ಹಾಕ್ತೇನೆ."

ಅಂದರೆ ಈ ಡಬ್ಬ ಪಾಸಾದರೆ ನಾವಿಬ್ಬರೂ ಫೇಲು. ಗೊತ್ತಿದ್ದೂ ಈ ಸತ್ಯವಂತ ಬೆಳಗ್ಗಿನಿಂದ ಅದಕ್ಕೆ ಮಾರ್ಕು ಕೊಡುತ್ತಲೇ ಇದ್ದ!

"ಬಿಸಿಲಿಗೆ ಸ್ಕ್ರೀನ್ ಕಾಣುದಿಲ್ಲ ಅಲ್ವಾ?" ಎಂದೆ.

"ಕೈ ಅಡ್ಡ ಹಿಡಿದ್ರೆ ಕಾಣ್ತದೆ."

"ಸೆಲ್ಲು ಬೇಗ ಮುಗೀತದೆ."

"ಇನ್ನೊಂದು ಜೊತೆ ಬ್ಯಾಗಲ್ಲಿ ಇಟ್ಕೊಂಡ್ರೆ ಆಯ್ತು."

"ನಿನ್ನ ತಲೆ!"

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಸ್ವಲ್ಪ ಹೆಚ್ಚೇ ಮುಚ್ಚುತ್ತದೆ, ಕ್ಯಾಮೆರಾಕ್ಕೆ ಕಣ್ಣಿಟ್ಟು ಬಂದ ಅಭ್ಯಾಸ. ಅಷ್ಟು ಸಿಟ್ಟಿನಲ್ಲೂ ಅದು ಚೆಂದ ಕಂಡಿತಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

"ಇನ್ನು ವೀಡಿಯೋ ಒಂದು ಬಾಕಿ. ಅಲ್ಲಿ ತುದಿಗೆ ಹೋಗಿ ಮಾತಾಡು."

ಹೊಳೆ ಕಡಲು ಸೇರುವ ಮರಳಿನ ತುದಿಗೆ ಹೋಗಿ ನಿಂತೆ. ಕಡಲ ಗಾಳಿ ಶಾಲನ್ನು ಕಿತ್ತುಕೊಳ್ಳುತ್ತಿತ್ತು. ಹಿಂದಿನಿಂದ ಅವನ ಕೂಗು: "ರೆಕಾರ್ಡ್ ಆಗುವಾಗ ಇದರಲ್ಲಿ ಝೂಮ್ ಇಲ್ಲ! ನಾನೇ ನಡ್ಕೊಂಡು ಹತ್ತಿರ ಬರ್ತೇನೆ. ನೀನು ನಿಲ್ಲಿಸ್ಬೇಡ!"

ಅವನ ಮುಖ ನೋಡಲಿಕ್ಕೆ ಮನಸ್ಸಾಗದೆ ಕಡಲಿನ ಕಡೆ ತಿರುಗಿದೆ. 'ನಮಸ್ಕಾರ'ದ ತನಕ ಸರಿಯಿತ್ತು. ಆಮೇಲೆ ಕಟ್ಟೆ ಒಡೆಯಿತು.

"ವೀಕ್ಷಕರೇ, ನಮಸ್ಕಾರ. ಇದು ಶಿರಿಯದ ಅಳಿವೆ. ಇದನ್ನು ತೆಗೀತಾ ಇರುವವ ಒಬ್ಬ ಪೆದ್ದ. ಮೂರು ವರ್ಷ ನನ್ನ ಮುಖ ನೋಡಿದ್ದಾನೆ, ಲೈಟ್ ಸರಿ ಉಂಟಾ ಅಂತ ಮಾತ್ರ. ಆ ಮುಖದಲ್ಲಿ ಎಂತ ಉಂಟು ಅಂತ ನೋಡ್ಲೇ ಇಲ್ಲ. ನನಗೆ ಈ ಪ್ರೋಗ್ರಾಮ್ ಬೇಡ, ಟಿವಿಯಲ್ಲಿ ಬರುದೂ ಬೇಡ. ಅವನ ಬೈಕಿನ ಹಿಂದಿನ ಸೀಟು ಸಾಕು. ನನಗೆ ಅವನು ಇಷ್ಟ. ಕೇಳಿತಾ? ಇಷ್ಟ!"

ತಿರುಗಿದರೆ ಒಂದೇ ಮಾರು ದೂರದಲ್ಲಿ ನಿಂತಿದ್ದ. ವೀಡಿಯೋ ಹಾಕಿ ತೋರಿಸಿದ. ಪರದೆಯಲ್ಲಿ ನನ್ನ ಬೆನ್ನು, ಬೀಸುವ ಕೈ. ಸ್ವರವೇ ಇಲ್ಲ. ಬುಸ್ಸೆಂದು ಬರೀ ಗಾಳಿ.

ನನಗೆ ಅಳುವೇ ಬಂತು. "ಹಾಳಾದ್ದು! ಒಂದು ಮಾತೂ ಬರ್ಲಿಲ್ಲ!"

ಅವನು ಫೋನ್ ತೆಗೆದ. "ಹರಿಯಣ್ಣ, ಕ್ಯಾಮೆರಾ ಅಂಗಡಿಗೇ ವಾಪಸ್ ಕೊಡಿ. ಗಾಳಿಯಲ್ಲಿ ಸ್ವರ ಸಿಕ್ಕುದಿಲ್ಲ, ವೀಡಿಯೋಕ್ಕೆ ಝೂಮೂ ಇಲ್ಲ. ನಮ್ಮ ಕೆಲಸಕ್ಕೆ ಆಗ್ಲಿಕ್ಕಿಲ್ಲ."

"ಇದನ್ನು ಹೇಳ್ಲಿಕ್ಕೆ ಇಷ್ಟು ಹೊತ್ತು ಬೇಕಾಯ್ತಾ ನಿನಗೆ?" ಎಂದು ಕಿರುಚಿದೆ.

"ಸುಳ್ಳು ಹೇಳಿ ಫೇಲು ಮಾಡಿದ್ರೆ ಅವರು ಹಿಡೀತಿದ್ರು. ಬೆಳಗ್ಗಿನಿಂದ ನಿಜವಾದ ತಪ್ಪನ್ನೇ ಹುಡುಕ್ತಾ ಇದ್ದೆ. ಗಾಳಿಗೆ ನಿಲ್ಲಿಸಿದ್ದು ಅದಕ್ಕೇ."

"ಮತ್ತೆ ನಾನು ಹೇಳಿದ್ದು?"

"ಕ್ಯಾಮೆರಾಕ್ಕೆ ಕೇಳ್ಲಿಲ್ಲ. ನಾನು ಹತ್ತಿರವೇ ಇದ್ದೆನಲ್ಲ."

"ಕೇಳಿಯೂ ಸುಮ್ಮನೆ ನಿಂತದ್ದಾ?"

"ರೆಕಾರ್ಡಿಂಗ್ ಆಗ್ತಾ ಇತ್ತು ಮಾರಾಯ್ತಿ. ನಡುವೆ ಮಾತಾಡ್ಲಿಕ್ಕುಂಟಾ?" ಅವನು ಕ್ಯಾಮೆರಾ ಆಫ್ ಮಾಡಿದ. ಕಿವಿ ಕೆಂಪಾಗಿತ್ತು. "ಈಗ ಹೇಳ್ತೇನೆ. ನನಗೂ ಇಷ್ಟ. ಲೈಟ್ ಯಾವಾಗ್ಲೂ ಸರಿಯೇ ಇತ್ತು."

ಬೈಕ್ ಹತ್ತಿದಾಗಲೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಈ ಸಣ್ಣ ಕ್ಯಾಮೆರಾದ ಕೆಲಸಕ್ಕೆಂದು ಇವತ್ತು ಟ್ರೈಪಾಡ್ ತಂದಿರಲಿಲ್ಲ. ಪೆದ್ದ ಎಂದು ಇನ್ನೊಮ್ಮೆ ಬೈದು, ಅವನನ್ನೇ ತಬ್ಬಿಕೊಂಡೆ.