ಅಜ್ಜಿಯ ಧರ್ಮತಾಯಿ

"ಇದು ಅಜ್ಜಿ ಅಲ್ಲ!"

ಅಂಗೈ ಮೇಲಿದ್ದ ತಗಡಿನ ಪುಟ್ಟ ವಿಮಾನವನ್ನು ಮೂರು ಸಲ ತಿರುಗಿಸಿ ನೋಡಿ ಆ ಯುವಕ ಖಡಾಖಂಡಿತವಾಗಿ ಹೇಳಿಬಿಟ್ಟ.

ಸೆವೆರಿನಾ ಇಕ್ಕಳ ಕೆಳಗಿಟ್ಟು ತಲೆ ಎತ್ತಿದಳು. ಬೆಳಗಿನಿಂದ ಕೂತು ಸೊಂಟ ಹಿಡಿದುಹೋಗಿತ್ತು.

"ಅಜ್ಜಿ ಬೇಕಾದ್ರೆ ಮನೇಲಿ ಹುಡುಕಿ ಸ್ವಾಮಿ. ಇಲ್ಲಿ ನಾವು ವಿಮಾನ ಮಾರೋದು."

ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ತೊಮಾಸಾ ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಅಂದು ಜನವರಿ ಇಪ್ಪತ್ತನಾಲ್ಕು. ಹಿಮದ ಬೆಟ್ಟಗಳ ನಡುವಿನ ಎಲ್ ಆಲ್ಟೋ ಊರಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ದಿನ ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯುವ ಮೊದಲು, ಮನಸ್ಸಿನಲ್ಲಿ ಏನು ಬಯಸಿದ್ದೀರೋ ಅದರ ಪುಟ್ಟ ರೂಪವೊಂದನ್ನು ಕೊಂಡು ಧೂಪ ಹಿಡಿಸಬೇಕು. ವರ್ಷದೊಳಗೆ ದೊಡ್ಡದು ಕೈಸೇರುತ್ತದೆ ಎಂಬುದು ಹಿರಿಯರು ನಂಬಿಕೊಂಡು ಬಂದ ಮಾತು. ಜನ ಬೊಗಸೆಯಷ್ಟು ಮನೆ ಕೊಳ್ಳುತ್ತಿದ್ದರು, ಬೆರಳುದ್ದದ ಲಾರಿ ಕೊಳ್ಳುತ್ತಿದ್ದರು.

ಇವನು ಮಾತ್ರ ಜೆಟ್ ವಿಮಾನ ಹಿಡಿದು ನಿಂತಿದ್ದ!

"ನೋಡಿ, ಇಂಧನದ ತೊಟ್ಟಿಗಳು ರೆಕ್ಕೆಯ ತುದೀಲಿ ಇರ್ಬೇಕು. ನೀವು ಹೊಟ್ಟೆ ಕೆಳಗೆ ಅಂಟಿಸಿದ್ದೀರಿ. ನಮ್ಮ ಅಜ್ಜಿ ಹೇಗಿರ್ತಾಳೆ ಗೊತ್ತಾ? ಎರಡೂ ಕೈಯಲ್ಲಿ ಕೊಡ ಹಿಡ್ಕೊಂಡು ನೀರಿಗೆ ಹೊರಟವಳ ಹಾಗೆ!"

ಹಾಗೆನ್ನುತ್ತ ಅವನು ಎರಡೂ ತೋಳು ಚಾಚಿ, ಮುಷ್ಟಿ ಬಿಗಿದು ನಿಂತ. ಹಿಂದಿನಿಂದ ಬಂದ ಹೆಂಗಸೊಬ್ಬಳು ಆ ತೋಳಿಗೆ ಡಿಕ್ಕಿ ಹೊಡೆದು ಬೈದು ಹೋದಳು.

ಸೆವೆರಿನಾಳಿಗೆ ನಗು ತಡೆಯಲಾಗಲಿಲ್ಲ. "ನೀವು ವಾಯುನೆಲೆಯವರಾ?"

"ಮೆಕ್ಯಾನಿಕ್ಕು. ಅನ್ಸೆಲ್ಮೋ ಲಿಮಾಚಿ ಅಂತ. ಒಂಬತ್ತು ವರ್ಷ ಆಯ್ತು ಅಜ್ಜಿಯ ಸೇವೆ ಮಾಡ್ತಾ."

ಅಜ್ಜಿ ಎಂದರೆ ಟಿ-33. ಜೆಟ್ಟುಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಹುಟ್ಟಿದ ವಿಮಾನ. ಬೇರೆ ದೇಶಗಳು ಅದನ್ನು ಎಂದೋ ಗುಜರಿಗೆ ಹಾಕಿ ಮರೆತಿದ್ದವು. ಈ ಎತ್ತರದ ಬಯಲಿನಲ್ಲಿ ಮಾತ್ರ, ಮನುಷ್ಯರಿಗೇ ಉಸಿರು ಸಾಲದ ತೆಳುಗಾಳಿಯಲ್ಲಿ, ಅರವತ್ತು ದಾಟಿದ ಆ ಮುದುಕಿ ಸಿಳ್ಳೆ ಹಾಕುತ್ತ ಇನ್ನೂ ಏರುತ್ತಿದ್ದಳು. ಆ ಸಿಳ್ಳೆ ಕೇಳಿದೊಡನೆ ಊರಿನ ಜನ ಕೈಕೆಲಸ ಬಿಟ್ಟು ಒಂದು ಸಲ ಮೇಲೆ ನೋಡುತ್ತಿದ್ದರು.

ಗಂಟೆ ಹೊಡೆಯಲು ಹತ್ತೇ ನಿಮಿಷ. ಸೆವೆರಿನಾ ಕೆಂಡದ ಮೇಲಿಂದ ಬೆಸುಗೆ ಕಡ್ಡಿ ಎತ್ತಿಕೊಂಡಳು. ತೊಟ್ಟಿಗಳನ್ನು ಕಿತ್ತು ರೆಕ್ಕೆಯ ತುದಿಗೆ ಕೂರಿಸಿದಳು. ಅವನು ಉಸಿರು ಬಿಗಿಹಿಡಿದು ಅವಳ ಬೆರಳುಗಳನ್ನೇ ನೋಡುತ್ತಿದ್ದ.

'ಇವನೇಕೆ ಹೀಗೆ ನೋಡ್ತಾನೆ? ಬೆಸುಗೆ ವಾರೆ ಆಗುತ್ತಲ್ಲ, ತಾಯಿ...'

"ಏನು ಕೇಳ್ಕೋತೀರಿ?" ವಿಮಾನ ಕೊಡುತ್ತ ಕೇಳಿದಳು.

"ಅಜ್ಜಿಯನ್ನ ಇನ್ನೊಂದಿಷ್ಟು ದಿನ ಹಾರೋಕೆ ಬಿಡಲಿ ಅಂತ."

"ಅಷ್ಟೇನಾ?"

ಅವನ ಕಿವಿ ಕೆಂಪಾಯಿತು. "ಇಲ್ಲಿಗೆ ಬರೋವರೆಗೂ ಅಷ್ಟೇ ಇತ್ತು."

ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಧೂಪದ ಹೊಗೆಯ ಕಡೆಗೆ ಅವನು ಓಡಿದ.

* * *

ಪ್ರೀತಿ ಎಂಬುದು ಎತ್ತರದ ನಾಡಿನ ಆಲೂಗಡ್ಡೆಯ ಹಾಗೆ. ಮೇಲೆ ಏನೂ ಕಾಣುವುದಿಲ್ಲ, ಮಣ್ಣೊಳಗೆ ಬಲಿಯುತ್ತಿರುತ್ತದೆ.

ಅನ್ಸೆಲ್ಮೋ ಭಾನುವಾರಗಳಲ್ಲಿ ಬರತೊಡಗಿದ. ಬಿಸಿ ನೇರಳೆಜೋಳದ ಗಂಜಿ ಕುಡಿಯುತ್ತ, ಅಜ್ಜಿಯ ಇಂಜಿನ್ನಿನ ಕೆಮ್ಮು, ಗಾಲಿಯ ಮುನಿಸು ಎಲ್ಲ ಹೇಳುತ್ತಿದ್ದ. ಆದರೆ ತನ್ನ ಮನಸ್ಸಿನ ಮಾತು ಬಂದರೆ ನೆಲ ನೋಡಿ ನಗುತ್ತಿದ್ದ. ಸರೋವರದಂಚಿನ ಹಳ್ಳಿಯವನು. ಅಲ್ಲಿಯ ಗಂಡಸರೇ ಹಾಗಂತೆ, ಮೀನಿನಷ್ಟೇ ಮಾತುಗಾರರು.

"ಇವನ ಬಾಯಿಂದ ಮಾತು ತೆಗೆಯೋಕೂ ನಿನ್ನ ಇಕ್ಕಳ ಬೇಕು ಕಣೆ" ಎಂದು ಚಿಕ್ಕಮ್ಮ ಹಾಸ್ಯ ಮಾಡುತ್ತಿದ್ದಳು.

ಒಂದು ವರ್ಷ ಹೀಗೇ ಕಳೆಯಿತು. ಅಜ್ಜಿಗೆ ಜುಲೈ ಕೊನೆಗೆ ನಿವೃತ್ತಿ ಎಂದು ಆದೇಶವೂ ಬಂತು.

"ಕಾರ್ನಿವಲ್ ಮಂಗಳವಾರ ಅಜ್ಜಿಗೆ ಕೊನೇ ಚಳ್ಳಾ" ಎಂದ ಅನ್ಸೆಲ್ಮೋ. "ಧರ್ಮತಂದೆಯಾಗಿ ನನ್ನನ್ನೇ ಆರಿಸಿದ್ದಾರೆ."

ಸೆವೆರಿನಾಳ ಮನಸ್ಸು ಹಿಗ್ಗಿತು. ಚಳ್ಳಾದ ದಿನ ಮನೆ, ಅಂಗಡಿ, ಬಸ್ಸು, ಎಲ್ಲಕ್ಕೂ ಕಾಗದದ ಮಾಲೆ ಹಾಕಿ, ಹೂವಿನೆಸಳು ಚೆಲ್ಲಿ, ಭೂತಾಯಿಗೆ ಮದ್ಯ ಎರೆದು ಹರಸುತ್ತಾರೆ. ಆ ವಸ್ತು ಕೂಸಿದ್ದಂತೆ, ಅದಕ್ಕೆ ಧರ್ಮತಂದೆ ಧರ್ಮತಾಯಿ ಬೇಕು. ಎಲ್ ಆಲ್ಟೋದಲ್ಲಿ ಹಾಗೆ ಜೊತೆಗೆ ನಿಂತವರನ್ನು ಜನ ಜೋಡಿಯೆಂದೇ ಎಣಿಸುತ್ತಾರೆ. ಬಾಯಿಬಿಟ್ಟು ಹೇಳದ ನಿಶ್ಚಿತಾರ್ಥ ಅದು.

"ಹಾಗಾದ್ರೆ ಒಬ್ಬಳು ಧರ್ಮತಾಯಿ ಬೇಕಲ್ಲ?" ಎಂದಳು, ತಗಡಿನ ಮೇಲಿಂದ ಕಣ್ಣು ತೆಗೆಯದೆ.

"ಬೇಕು..."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ನೆಲ ನೋಡಿ ನಕ್ಕ.

ಆ ನಗುವನ್ನು ಅವಳು ತನಗೆ ಬೇಕಾದಂತೆ ಓದಿಕೊಂಡಳು. ಎರಡೇ ವಾರದಲ್ಲಿ ಹಸಿರು ಮಖಮಲ್ಲಿನ ಲಂಗ ಹೊಲಿಸಿದಳು. ಬೀದಿಯವರಿಗೆಲ್ಲ ಹೇಳಿದಳು. ಕೋಪಕಬಾನಾದ ಮಾತೆಗೆ ಮೇಣದಬತ್ತಿ ಹಚ್ಚಿದಳು.

ಮಂಗಳವಾರ ವಾಯುನೆಲೆಯ ಬಾಗಿಲು ಊರಿನವರಿಗೆ ತೆರೆದಿತ್ತು. ಚಿಕ್ಕಮ್ಮನ ಕೈ ಹಿಡಿದು ಸೆವೆರಿನಾ ಗುಂಪನ್ನು ಸೀಳಿಕೊಂಡು ಮುಂದೆ ಹೋದಳು.

ಅಜ್ಜಿ ನಿಂತಿದ್ದಳು, ಮೂತಿಗೆ ಹೂಮಾಲೆ ಹಾಕಿಸಿಕೊಂಡು. ಪಕ್ಕದಲ್ಲಿ ಅನ್ಸೆಲ್ಮೋ. ಅವನ ಪಕ್ಕದಲ್ಲಿ...

ಕೆಂಪು ಲಂಗದ ಹುಡುಗಿಯೊಬ್ಬಳು!

ಅನ್ಸೆಲ್ಮೋನ ಮೇಲಧಿಕಾರಿ ಮೇಜರ್ ಅರಾನಿಬಾರ್ ಅವರ ತಂಗಿಯ ಮಗಳು ಎರ್ಲಿಂದಾ. ಇಬ್ಬರ ತಲೆ ಮೇಲೂ ಬಣ್ಣದ ಕಾಗದದ ಚೂರುಗಳು. ಒಂದೇ ಲೋಟದಿಂದ ಇಬ್ಬರೂ ನೆಲಕ್ಕೆ ಮದ್ಯ ಎರೆಯುತ್ತಿದ್ದರು. ಮೇಜರ್ ಮೀಸೆಯಡಿಯಲ್ಲಿ ನಗುತ್ತ ಚಪ್ಪಾಳೆ ತಟ್ಟುತ್ತಿದ್ದರು.

"ಜೋಡಿ ಚೆನ್ನಾಗಿದೆ!" ಯಾರೋ ಕೂಗಿದರು.

ಸೆವೆರಿನಾ ಹಸಿರು ಲಂಗವನ್ನು ಶಾಲಿನಿಂದ ಮುಚ್ಚಿಕೊಂಡಳು. 'ಇಡೀ ಬೀದಿಗೆ ಹೇಳಿದ್ದೆನಲ್ಲ... ನನ್ನ ಬಾಯಿಂದ ನಾನೇ ಹೇಳಿದ್ದೆನಲ್ಲ!'

ಅನ್ಸೆಲ್ಮೋ ಅವಳನ್ನು ಕಂಡ. ಅವನ ಮುಖ ಬೆಳಗಿತು. ತಪ್ಪೇ ಮಾಡದವನಂತೆ ಕೈ ಬೀಸಿದ!

ಅವಳು ಬೆನ್ನು ತಿರುಗಿಸಿದಳು.

"ನಂಬಿದ ಎಮ್ಮೆ ಕೋಣ ಈದ ಹಾಗಾಯ್ತು" ಎಂದಳು ಚಿಕ್ಕಮ್ಮ, ದಾರಿಯಲ್ಲಿ.

"ಸುಮ್ಮನಿರು ಚಿಕ್ಕಮ್ಮ. ದಯವಿಟ್ಟು..."

* * *

ಮರುದಿನ ಅವನು ಬಂದ. ಅವಳು ಬಾಗಿಲು ತೆಗೆಯಲಿಲ್ಲ.

"ಸೆವೆ, ಒಂದು ಮಾತು ಕೇಳು!"

"ಹೇಳಬೇಕಾದ ದಿನ ನಿನ್ನ ಬಾಯಿಗೆ ಬೀಗ ಬಿದ್ದಿತ್ತು. ಇವತ್ತು ನನ್ನ ಕಿವಿಗೆ ಬಿದ್ದಿದೆ. ಹೋಗು!"

ಮೂರು ಭಾನುವಾರ ಬಂದ. ನಾಲ್ಕನೆಯದಕ್ಕೆ ಬರಲಿಲ್ಲ. ಬಂದಾಗ ಬಂದನಲ್ಲ ಎಂದು ಉರಿದವಳು, ಬಾರದಾಗ ಬರಲಿಲ್ಲವಲ್ಲ ಎಂದು ಅತ್ತಳು. ಹೆಣ್ಣಿನ ಮನಸ್ಸನ್ನು ಬಲ್ಲವರು ಯಾರು? ಬಲ್ಲವನೊಬ್ಬ ಮೇಲಿದ್ದಾನೆ, ಆದರೆ ಅವನೂ ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಸುಮ್ಮನೇ ಇದ್ದ.

ಈಸ್ಟರ್ ಕಳೆದ ಮೇಲೆ ಅಂಗಡಿಯ ಮುಂದೆ ಹುಡುಗಿಯೊಬ್ಬಳು ಬಂದು ನಿಂತಳು. ಎರ್ಲಿಂದಾ!

"ವಿಮಾನ ಬೇಕಾ?" ಸೆವೆರಿನಾಳ ದನಿ ತಗಡಿನಂತೆ ಹರಿತವಾಗಿತ್ತು. "ನಿಮ್ಮ ಹತ್ರ ದೊಡ್ಡದೇ ಇದೆಯಲ್ಲ."

"ಜಗಳಕ್ಕೆ ಬಂದಿಲ್ಲ ಕಣ್ರೀ." ಎರ್ಲಿಂದಾ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅವನು ಈಗ ನನ್ನನ್ನ ತಂಗಿ ಅಂತಾನೆ. ತಂಗಿ!"

"ಏನಂದ್ರಿ?"

"ಅವನ ಜೊತೆ ನನ್ನ ಮದುವೆ ಮಾಡ್ಬೇಕು ಅಂತ ನಮ್ಮ ಮಾವನಿಗೆ ಆಸೆ ಇತ್ತು. ಧರ್ಮತಾಯಿಯಾಗಿ ಎರ್ಲಿಂದಾ ನಿಲ್ಲಲಿ ಅಂತ ಇವನೇ ಹೇಳಿದಾಗ ಮಾವ ಕುಣಿದಾಡಿಬಿಟ್ರು. ಮದುವೆ ಮಾತಿಗೆ ಅಂತ ಇವನ ಹಳ್ಳಿಗೆ ಹೋದ್ವಿ. ಇವನ ತಾಯಿ ಎದೆ ಬಡ್ಕೊಂಡ್ರು. ಆ ಕಡೆ ಒಂದೇ ಕೂಸಿಗೆ ಧರ್ಮತಂದೆ ಧರ್ಮತಾಯಿ ಆದವರು ಒಡಹುಟ್ಟಿದವರಂತೆ! ಅಂಥವರು ಮದುವೆಯಾದ್ರೆ ಆಲಿಕಲ್ಲು ಬಿದ್ದು ಊರಿನ ಬೆಳೆಯೆಲ್ಲ ಹೋಗುತ್ತಂತೆ."

ಸೆವೆರಿನಾಳ ಕೈಯ ಕತ್ತರಿ ಅರ್ಧಕ್ಕೇ ನಿಂತಿತು.

'ಅಂದ್ರೆ... ನನ್ನ ಜೊತೆ ನಿಂತಿದ್ರೆ ನಾನು ತಂಗಿ ಆಗಿಬಿಡ್ತಿದ್ದೆ! ಅದಕ್ಕೇ ನನ್ನನ್ನ ಕರೀಲಿಲ್ಲ. ಅದಕ್ಕೇ ಅವಳನ್ನ ಕರೆದ. ಅದಕ್ಕೇ ಅವತ್ತು ಕೈ ಬೀಸಿದ, ನಮ್ಮ ದಾರಿ ಸರಿಮಾಡಿದೆ ಅನ್ನೋ ಹಾಗೆ...'

ಸಂತೋಷ ಬರಬೇಕಿತ್ತು. ಬಂದದ್ದು ಬೇರೆಯೇ ಒಂದು ಉರಿ.

"ಬೇಡ ಅಂತ ನಿಮ್ಮ ಮಾವನಿಗೆ ಹೇಳೋಕೆ ಅವನಿಗೆ ಏನಾಗಿತ್ತು?"

"ಹೇಳಿದ್ರೆ ಮಾವ ಅವನನ್ನ ಬೇರೆ ಕಡೆ ವರ್ಗ ಮಾಡ್ತಿದ್ರು. ಕೊನೇ ವರ್ಷ ಅಜ್ಜಿಯನ್ನ ಬಿಟ್ಟು ಹೋಗಬೇಕಾಗ್ತಿತ್ತು." ಎರ್ಲಿಂದಾಳ ಕಣ್ಣು ತುಂಬಿತು. "ನನಗೆ ಒಂದು ಮಾತು ಹೇಳಬಹುದಿತ್ತಲ್ವಾ? ನಾನೂ ಹೊಸ ಲಂಗ ಹೊಲಿಸಿದ್ದೆ ಕಣ್ರೀ..."

ಸೆವೆರಿನಾ ಎದ್ದಳು. ಒಲೆಯ ಮೇಲಿದ್ದ ಗಂಜಿಯನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವಳ ಕೈಗಿಟ್ಟು ಪಕ್ಕದಲ್ಲೇ ಕೂತಳು. ಒಂದೇ ಮೌನಕ್ಕೆ ಸಿಕ್ಕಿ ಮೋಸಹೋದ ಇಬ್ಬರು ಹೆಣ್ಣುಮಕ್ಕಳು ಆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು.

ಹೊರಡುವಾಗ ಎರ್ಲಿಂದಾ ಕೇಳಿದಳು. "ಅವನಿಗೆ ಏನಾದ್ರೂ ಹೇಳ್ಲಾ?"

"ನಾನು ಅವನಿಗೆ ಅಜ್ಜಿಗಿಂತ ಕಡಿಮೆ ಅಂತ ಗೊತ್ತಾಯ್ತು ಅಂತ ಹೇಳಿ. ಊರಿನ ಕಟ್ಟಳೆಯ ಬೆನ್ನ ಹಿಂದೆ ಅಡಗಿ 'ಬೇಡ' ಅನ್ನೋನು, ನಾಳೆ ನನ್ನ ಪರವಾಗಿ ಯಾರ ಮುಂದೆ ನಿಂತಾನು?"

* * *

ಜುಲೈ ಕೊನೆಯ ದಿನ. ಬಿಸಿಲಿತ್ತು, ಚಳಿ ಮೂಳೆ ಕೊರೆಯುತ್ತಿತ್ತು.

ಅಂದು ಅಜ್ಜಿಯ ಕೊನೆಯ ಹಾರಾಟ. ಬೀದಿ ಬೀದಿಯೇ ವಾಯುನೆಲೆಯ ತಂತಿಬೇಲಿಗೆ ಹೋಗಿ ಅಂಟಿಕೊಂಡಿತ್ತು.

"ಅವನಿಗಾಗಿ ಅಲ್ಲ. ಆ ಮುದುಕಿಗಾಗಿ" ಎಂದು ತನಗೇ ಹೇಳಿಕೊಂಡು ಸೆವೆರಿನಾ ಬಂದಿದ್ದಳು.

ಬೇಲಿಯುದ್ದಕ್ಕೂ ನಡೆಯುತ್ತಿದ್ದವಳು ಥಟ್ಟನೆ ನಿಂತಳು. ಜನರ ನಡುವೆ, ಕಂದು ಸ್ವೆಟರು ತೊಟ್ಟು, ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದವನು...

ಅನ್ಸೆಲ್ಮೋ!

"ನೀನು... ನೀನು ಒಳಗಿರಬೇಕಿತ್ತಲ್ಲ?"

ಅವನು ತಿರುಗಿದ. ಕೆನ್ನೆ ಇಳಿದುಹೋಗಿತ್ತು.

"ಒಳಗೆ ಬಿಡ್ಲಿಲ್ಲ ಸೆವೆ. ಮೊನ್ನೆ ಮೇಜರ್ ಹತ್ರ ಬಾಯಿ ಬಿಟ್ಟೆ."

"ಏನಂದೆ?"

"ಎರ್ಲಿಂದಾನ ಮೋಸದಿಂದ ನಿಲ್ಲಿಸಿದೆ, ಅದು ನನ್ನ ಹೇಡಿತನ ಅಂದೆ. ನನ್ನ ಮನಸ್ಸು ತಗಡಿನ ಕೆಲಸದ ಸೆವೆರಿನಾ ಮೇಲೆ ಅಂದೆ. ಎಲ್ಲರ ಮುಂದೇನೇ ಅಂದೆ, ಇಡೀ ತಂಡ ಊಟಕ್ಕೆ ಕೂತಿತ್ತು. ಆಮೇಲೆ ಎರ್ಲಿಂದಾ ಮನೆಗೂ ಹೋಗಿ ಕ್ಷಮೆ ಕೇಳಿದೆ."

"ಅವಳೇನಂದಳು?"

"ಚಪ್ಪಲಿ ಎಸೆದಳು. ಗುರಿ ಚೆನ್ನಾಗಿದೆ."

ಸೆವೆರಿನಾ ತುಟಿ ಕಚ್ಚಿದಳು. ನಗಬಾರದು, ಇವನ ಮುಂದೆ ಈಗಲೇ ನಗಬಾರದು...

"ಎರಡೇ ದಿನ ತಡೆದಿದ್ರೆ, ಕೊನೇ ಸಲ ಪೈಲಟ್ ಹತ್ತಿದ ಮೇಲೆ ಅಜ್ಜಿಯ ಏಣಿ ನೀನೇ ತೆಗೀಬಹುದಿತ್ತಲ್ಲೋ ಮಂಕೇ!"

"ತಡೀಬಹುದಿತ್ತು." ಅವನು ತಂತಿಯನ್ನು ಬಿಗಿಯಾಗಿ ಹಿಡಿದ. "ಅಜ್ಜಿ ಹೋದ ಮೇಲೆ ಹೇಳಿದ್ರೆ ಅದಕ್ಕೇನು ಬೆಲೆ? ಕಳ್ಕೊಳ್ಳೋದು ಏನಾದ್ರೂ ಇರುವಾಗಲೇ ಹೇಳ್ಬೇಕಿತ್ತು."

ರನ್‌ವೇಯ ಆ ತುದಿಯಿಂದ ಸಿಳ್ಳೆ ಕೇಳಿಸಿತು. ಜನ ಟೋಪಿ ತೆಗೆದರು, ಮುದುಕರು ಶಿಲುಬೆಯ ಗುರುತು ಮಾಡಿಕೊಂಡರು. ಅಜ್ಜಿ ಓಡಿದಳು, ಓಡಿದಳು, ಇನ್ನು ಏಳುವುದೇ ಇಲ್ಲವೇನೋ ಎನ್ನುವಷ್ಟು ದೂರ ಓಡಿ, ಕೊನೆಗೊಮ್ಮೆ ನೆಲ ಬಿಟ್ಟಳು. ಹಿಮದ ಬೆಟ್ಟದ ಕಡೆ ತಿರುಗಿ ಸಣ್ಣದಾದಳು.

ಅನ್ಸೆಲ್ಮೋ ಮಗುವಿನಂತೆ ಅಳುತ್ತಿದ್ದ. ಮುಖ ಮುಚ್ಚಿಕೊಳ್ಳಲೂ ಇಲ್ಲ.

ಸೆವೆರಿನಾ ನೋಡುತ್ತಿದ್ದಳು. ಎದೆಯೊಳಗಿನ ಮುಳ್ಳು ಪೂರ್ತಿ ಹೋಗಿರಲಿಲ್ಲ. ಮುಳ್ಳು ಒಂದೇ ದಿನಕ್ಕೆ ಹೋಗುವುದೂ ಇಲ್ಲ. ಆದರೆ ತನಗೆ ಅತಿ ಪ್ರಿಯವಾದುದನ್ನು ಬೇಲಿಯಾಚೆ ಬಿಟ್ಟು, ಒಂದು ಮಾತಿಗಾಗಿ ಬೇಲಿಯೀಚೆ ಬಂದು ನಿಂತವನು ಇವನು. ಅವಳು ತನ್ನ ಶಾಲಿನ ಅಂಚಿನಿಂದ ಅವನ ಕೆನ್ನೆ ಒರೆಸಿದಳು.

"ಸೋಮವಾರ ನನ್ನನ್ನ ಕೆಳಗಿನ ಬಿಸಿಲುನಾಡಿಗೆ ಕಳಿಸ್ತಾರೆ" ಎಂದ ಅವನು. "ಅದಕ್ಕೆ ಮೊದ್ಲು... ಅಮ್ಮನನ್ನ, ದೊಡ್ಡಪ್ಪನನ್ನ ನಿಮ್ಮ ಮನೆಗೆ ಕಳಿಸಲಾ? ಹೆಣ್ಣು ಕೇಳೋಕೆ?"

"ಕಳಿಸು. ಆದ್ರೆ ಒಂದು ಷರತ್ತು."

"ಏನು?"

"ಹೆಣ್ಣು ಕೇಳುವಾಗ ಹಿರಿಯರು ಮಾತಾಡ್ತಾರೆ, ಹುಡುಗ ತಲೆ ತಗ್ಗಿಸಿ ಸುಮ್ಮನೆ ನಿಲ್ತಾನೆ. ನಮ್ಮ ಕಡೆಯೂ ಹಾಗೇ, ನಿಮ್ಮ ಕಡೆಯೂ ಹಾಗೇ." ಅವಳು ಅವನ ಕಣ್ಣನ್ನೇ ನೋಡಿದಳು. "ನನ್ನ ಮನೇಲಿ ಹಾಗಾಗಬಾರದು. ನೀನೇ ಕೇಳ್ಬೇಕು. ಚಿಕ್ಕಮ್ಮನ ಮುಂದೆ, ಬೀದಿಯವರ ಮುಂದೆ, ಬಾಗಿಲು ತೆರೆದಿಟ್ಟು."

"ಅಮ್ಮ ನಾಚಿಕೆಯಿಂದ ಸತ್ತೇಹೋಗ್ತಾಳೆ!"

"ನಿನಗೆ?"

ಅವನು ನೆಲ ನೋಡಿದ. ನಗಲು ಹೊರಟ. ಆಮೇಲೆ ತಲೆ ಎತ್ತಿ, ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.

"ಸೆವೆರಿನಾ ಚುಕಿಮಿಯಾ, ನನ್ನನ್ನ ಮದುವೆ ಆಗ್ತೀಯಾ?"

ಬೇಲಿಯುದ್ದಕ್ಕೂ ಜನ ಕತ್ತು ಚಾಚಿದರು.

"ಅವಸರ ಯಾಕೆ?" ಎಂದಳು ಸೆವೆರಿನಾ. ಅವಳ ಕಣ್ಣಂಚು ಒದ್ದೆಯಾಗಿತ್ತು. "ಬಾಯಿಗೆ ಅಭ್ಯಾಸ ಆಗ್ಲಿ. ಇನ್ನೊಂದು ಸಲ ಕೇಳು..."